ಶನಿವಾರದ ಮಂಗಳಾರತಿ

ನನಗೆ ದೇವರ ಮೇಲೆ ಸಿಟ್ಟಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಮಾತ್ರ ಸ್ವಲ್ಪ ಇದೆ, ಒಪ್ಪಿಕೊಳ್ಳುತ್ತೇನೆ.

ಶಿವಮೊಗ್ಗದ ಕೋಟೆ ಹತ್ತಿರದ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ನನಗೆ ಮಾತಾಡುವ ಕೆಲಸ. ಮೋಟಾರು ಸುಟ್ಟುಕೊಂಡವರು ಫೋನಿನಲ್ಲಿ ಬಯ್ಯುತ್ತಾರೆ. ನಾನು ಸಮಾಧಾನ ಹೇಳಿ ಮೆಕ್ಯಾನಿಕ್ಕನ್ನು ಕಳಿಸುತ್ತೇನೆ. ಹೀಗೆ ದಿನವಿಡೀ ವಟವಟ ಅನ್ನುವವಳ ಮಗ ಮಾತ್ರ ನಾಲ್ಕು ವರ್ಷ ತುಂಬಿದರೂ ಒಂದು ಮಾತು ಆಡಿರಲಿಲ್ಲ. ಭದ್ರಾವತಿಯಲ್ಲಿ ನಮ್ಮ ಮನೆಯ ಹತ್ತಿರವೇ, ಇಂಥ ಮಕ್ಕಳಿಗೆ ಮಾತು ಕಲಿಸುವ ಟೀಚರ್ ಒಬ್ಬರು ಶನಿವಾರ ಮಾತ್ರ ಬರುತ್ತಾರೆ. "ಅಜ್ಜಿ ಕರ್ಕೊಂಡು ಬಂದ್ರೆ ಸಾಲಲ್ಲ. ನೀವೇ ಬಂದು ಕೂರ್ಬೇಕು, ಮಗು ನಿಮ್ಮ ಬಾಯಿ ನೋಡ್ಬೇಕು" ಎಂದರು. ನನ್ನ ಬಾಯಿ ನೋಡಿ ನನ್ನ ಗಂಡ ಮಾತಾಡುವುದನ್ನೇ ಬಿಟ್ಟಿದ್ದು ಬೇರೆ ವಿಷಯ.

ಶನಿವಾರವೊಂದು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮಾಲೀಕರನ್ನು ಕೇಳಿದೆ. "ಫೋನು ಅಲ್ಲೂ ಹೊಡ್ಕೊಳ್ಳುತ್ತಲ್ಲ ಸರ್?"

"ಹೊಡ್ಕೊಳ್ಳುತ್ತೆ ಕಣಮ್ಮ. ನೀನು ಎತ್ತೋದು ನನ್ನ ಕಣ್ಣಿಗೆ ಕಾಣ್ಬೇಕಲ್ಲ?"

ಅವರು ಅರ್ಧ ವ್ಯಾಪಾರ ಮಾಡುವುದು ಮನೆಯ ಜಗುಲಿಯಲ್ಲಿ, ಲುಂಗಿ ಉಟ್ಟುಕೊಂಡು. ಅದು ದುಡಿಮೆ. ನಾನು ಕೂತರೆ ಮೈಗಳ್ಳತನ!

ಆಮೇಲೆ ಅಂಗಡಿಯಲ್ಲಿ ಕೆಲಸ ಮಾಡುವ ನಾವು ಐದೂ ಜನ ಸೇರಿ, ವಾರಕ್ಕೆ ಐದೇ ದಿನ ಸಾಕು, ಬೇಕಾದರೆ ದಿನಾ ಒಂದು ಗಂಟೆ ಹೆಚ್ಚು ಕೂರುತ್ತೇವೆ ಎಂದೆವು. ಆಶ್ಚರ್ಯ, ಮಾಲೀಕರು ಒಪ್ಪಿಬಿಟ್ಟರು. ಗಂಟೆಯಂತೂ ಆವತ್ತೇ ಹೆಚ್ಚಾಯಿತು. ಶನಿವಾರ ರಜೆ ಎಂದು ಬೋರ್ಡೂ ಬಿತ್ತು. ಅದರ ಹಿಂದೆಯೇ ಇನ್ನೊಂದು ಸುದ್ದಿ: ಅಂಗಡಿಯ ಶುಕ್ರವಾರದ ಪೂಜೆ ಇನ್ನು ಶನಿವಾರಕ್ಕೆ. "ಡ್ಯೂಟಿ ಅಲ್ಲಪ್ಪ, ಭಕ್ತಿ. ಮನಸ್ಸಿದ್ದೋರು ಬನ್ನಿ."

ನನಗೆ ಮನಸ್ಸಿರಲಿಲ್ಲ. ಮೊದಲ ಶನಿವಾರ ಮಗನ ಜೊತೆ ಟೀಚರ್ ಮುಂದೆ ಕೂತು "ಆ... ಆ..." ಎಂದೆ. ಸೋಮವಾರ ಮಾಲೀಕರು ಎಲ್ಲರೆದುರು, "ದೇವ್ರಿಗೇ ಟೈಮ್ ಇಲ್ದೋರು ಕಸ್ಟಮರಿಗೆ ಎಲ್ಲಿಂದ ಕೊಡ್ತಾರೆ?" ಎಂದರು. ಮೈಯೆಲ್ಲ ಉರಿದುಹೋಯಿತು. ಮೆಕ್ಯಾನಿಕ್ ರಿಯಾಜಣ್ಣ ಮೆಲ್ಲಗೆ ಹೇಳಿದ: "ಸುಮ್ನೆ ಬಂದ್ಬಿಡಿ ಮೇಡಂ. ನಾನೇ ಬರ್ತಿಲ್ವಾ? ಪ್ರಸಾದ ತಿಂದು ಮೂರು ಮೋಟ್ರು ಬಿಚ್ಚಿಟ್ಟು ಹೋಗ್ತೀನಿ."

ಕೆಲಸ ಹೋದರೆ ಟೀಚರಮ್ಮನ ಫೀಸು ಎಲ್ಲಿಂದ ತರುವುದು? ಮರುವಾರದಿಂದ ನಾನೂ ಭಕ್ತಳಾದೆ. ಮಂಗಳಾರತಿ ಮುಗಿಯುವುದೇ ತಡ, "ಹೆಂಗೂ ಬಂದಿದೀರಲ್ಲ, ಹಂಗೇ ಫೋನ್ ನೋಡ್ಕೊಳ್ಳಿ" ಎನ್ನುತ್ತಾರೆ ಮಾಲೀಕರು. ಹೊರಡುವಾಗ ಮಧ್ಯಾಹ್ನ ಎರಡು ಗಂಟೆಯಾಗುತ್ತದೆ. ಮಗನ ಜೊತೆ ಅತ್ತೆ ಹೋಗುತ್ತಾರೆ.

ಮೊನ್ನೆ ಶನಿವಾರ ಆರತಿ ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಅತ್ತೆಯ ಫೋನು ಬಂತು. "ಮಾತಾಡ್ದ ಕಣೇ! ಟೀಚರ್ ಎದುರಿಗೇ!"

"ಅಮ್ಮ ಅಂದ್ನಾ ಅತ್ತೆ?"

"ಇಲ್ಲ ಮಾರಾಯ್ತಿ. ಟೀಚರ್ ಕೈ ಹಿಡ್ದು ಬಾಗಿಲ ಕಡೆ ಎಳೀತಾ 'ಬೇಗ, ಬೇಗ' ಅಂದ. ಥೇಟ್ ನೀನು ಬೆಳಿಗ್ಗೆ ಅಂತೀಯಲ್ಲ, ಹಂಗೇ."

"ಅಳೋದ್ಯಾಕಮ್ಮ?" ಎಂದರು ಮಾಲೀಕರು.

"ಕರ್ಪೂರದ ಹೊಗೆ ಸರ್."

ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಇತ್ತ ಅತ್ತೆ, "ಇರು, ಟೀಚರ್ ಏನೋ ಹೇಳ್ಬೇಕಂತೆ" ಎನ್ನುತ್ತಿದ್ದರು.

"ಬೇಗ ಹೇಳೋಕೆ ಹೇಳಿ ಅತ್ತೆ" ಎಂದೆ.