ಹೊಟ್ಟೆ ಉರಿಯ ಅರ್ಜಿ

ಬೋರಣ್ಣ ತಿಂದದ್ದು ಒಟ್ಟು ಏಳು ಮೆಣಸಿನಕಾಯಿ. ಹಸಿಯದಲ್ಲ, ಕಡಲೆಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಮಂಡಕ್ಕಿಯ ಗುಡ್ಡೆಯ ಮೇಲೆ ಕೂರಿಸಿ ಕೊಟ್ಟದ್ದು. ಮನೆಯಲ್ಲಿ ಹೆಂಡತಿಗೆ ಅವನು ಹೇಳಿದ ಸಂಖ್ಯೆ ಮೂರು. ಎದುರಿಗೆ ಕೂತು ತಿಂದ ಸಹೋದ್ಯೋಗಿ ಮುದ್ದಣ್ಣ ಎಣಿಸಿದ್ದು ಏಳು. ತೊಟ್ಟುಗಳು ತಟ್ಟೆಯಲ್ಲೇ ಇದ್ದುದರಿಂದ ಮುದ್ದಣ್ಣನ ಮಾತನ್ನೇ ನಂಬಬೇಕಾಗುತ್ತದೆ.

ಇದು ನಡೆದದ್ದು 1974ರ ಜುಲೈ ಹತ್ತು, ಬುಧವಾರ ಸಂಜೆ, ಹೊಸದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ. ಯಾವ ಇಲಾಖೆ ಎಂಬುದು ಈ ಕತೆಗೆ ಬೇಡ. ಗೋವಿಂದಯ್ಯನವರು ಹೆಡ್ ಗುಮಾಸ್ತರಾದ ಸಂತೋಷಕ್ಕೆ ಅವರೇ ಕೊಡಿಸಿದ ತಿಂಡಿ. "ತಗಳ್ರಿ ಬೋರಣ್ಣ, ಇನ್ನೊಂದು" ಎಂದು ಅವರು ಏಳು ಸಲ ಅಂದರು. ಒಂದು ಸಲವೂ ಬೇಡವೆನ್ನುವ ಧೈರ್ಯ ಬೋರಣ್ಣನಿಗೆ ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಕಚೇರಿಯಿಂದ ಒಬ್ಬ ಗುಮಾಸ್ತನನ್ನು ಚಿತ್ರದುರ್ಗಕ್ಕೆ ವರ್ಗ ಮಾಡಬೇಕಾಗಿತ್ತು. ಬೋರಣ್ಣ, ಇಲ್ಲವೇ ಮುದ್ದಣ್ಣ. ಹೆಡ್ ಗುಮಾಸ್ತರು ಯಾರ ಹೆಸರು ಬರೆಯುತ್ತಾರೋ ಅದರ ಕೆಳಗೆ ಸಾಹೇಬರು ಕಣ್ಣು ಹಾಯಿಸದೆ ಸಹಿ ಹಾಕುತ್ತಿದ್ದರು. ಗುರುವಾರ ಸಂಜೆ ನಾಲ್ಕರ ಟಪಾಲಿನಲ್ಲಿ ಆ ಹೆಸರು ಹೋಗಬೇಕಿತ್ತು.

ಬೋರಣ್ಣನ ಹೆಂಡತಿ ಏಕಾಂತಮ್ಮ ತನ್ನ ನಿಲುವನ್ನು ಮೊದಲೇ ತಿಳಿಸಿದ್ದಳು. "ಎಂಟು ವರ್ಷ ಕೊಡದಾಗೆ ನೀರು ಹೊತ್ತು ನಲವತ್ತು ತೆಂಗಿನ ಗಿಡ ಎಬ್ಬಿಸೀನಿ. ಈಗ ಕಾಯಿ ಬಿಡೋ ಹೊತ್ತಿಗೆ ದುರ್ಗಕ್ಕೆ ಬಾ ಅಂದ್ರೆ ನಾನ್ ಬರಂಗಿಲ್ಲ. ಬೇಕಾರೆ ನೀವೊಬ್ರೇ ಹೋಗಿ ಹೋಟ್ಲಾಗೆ ಉಣ್ರಿ."

ಹೋಟೆಲಿನ ಊಟ ಬೋರಣ್ಣನ ಹೊಟ್ಟೆಗೆ ಎರಡು ದಿನವೂ ಒಗ್ಗುತ್ತಿರಲಿಲ್ಲ. ಹೊಸದುರ್ಗದಲ್ಲಿ ಉಳಿಯುವುದೊಂದೇ ಅವನ ಆಸೆ. ಅದಕ್ಕಾಗಿ ಏಳಲ್ಲ, ಹನ್ನೆರಡು ಮೆಣಸಿನಕಾಯಿಗೂ ಅವನು ಸಿದ್ಧನಿದ್ದ.

ಸಿದ್ಧವಿಲ್ಲದ್ದು ಹೊಟ್ಟೆ. ಗುರುವಾರ ಬೆಳಗ್ಗೆ ಆರಕ್ಕೆ ಎದ್ದಾಗ ಎದೆಯೊಳಗೆ ಯಾರೋ ಒಲೆ ಹಚ್ಚಿ ಊದುತ್ತಿರುವಂತಿತ್ತು. ಗಂಟಲವರೆಗೆ ಹುಳಿನೀರು ಬಂದು, ನೋಡಿಕೊಂಡು, ವಾಪಸ್ ಹೋಗುತ್ತಿತ್ತು.

ಪಕ್ಕದ ಮನೆಯ ಪಾಲಮ್ಮ ಬೇಲಿಯ ಆಚೆಯಿಂದಲೇ ಅವನ ಮುಖ ಓದಿದಳು. "ಏನಪ್ಪ ಬೋರಣ್ಣ, ಹುಳಿತೇಗಾ? ತಡಿ" ಎಂದವಳೇ ಒಂದು ಲೋಟ ನೀರಿಗೆ ಹಿಡಿ ಅಡಿಗೆ ಸೋಡ ಸುರಿದು ತಂದಳು. ಕುಡಿದ. ಮರುಕ್ಷಣ ಬಂದ ತೇಗಿಗೆ ಬೇಲಿಯ ಮೇಲಿದ್ದ ಕೋಳಿ ಕೆಳಗೆ ಹಾರಿತು. ಹತ್ತು ನಿಮಿಷ ಸುಖವಾಯಿತು. ಹನ್ನೊಂದನೆಯ ನಿಮಿಷಕ್ಕೆ ಒಲೆ ಮತ್ತೆ ಹತ್ತಿಕೊಂಡಿತು.

ಕಚೇರಿಯ ದಾರಿಯಲ್ಲಿ ಔಷಧಿ ಅಂಗಡಿ. ಅಂಗಡಿಯವನು ಬಿಳಿ ಗುಳಿಗೆಗಳ ಪಟ್ಟಿ ಕೊಟ್ಟು, "ಅಗಿದು ತಿನ್ರಿ" ಎಂದ. ಬೋರಣ್ಣ ನಕ್ಕ. ಗುಳಿಗೆಯನ್ನು ಯಾರಾದರೂ ಅಗಿಯುತ್ತಾರೆಯೇ? ಕತ್ತಿನ ಮೇಲಿನ ಕುರುವಿಗೆಂದು ನಾಲ್ಕು ದಿನದಿಂದ ತಿನ್ನುತ್ತಿದ್ದ ಕ್ಯಾಪ್ಸೂಲ್ ಒಂದನ್ನೂ, ಈ ಗುಳಿಗೆ ಎರಡನ್ನೂ ಒಟ್ಟಿಗೆ ನೀರಿನಲ್ಲಿ ನುಂಗಿದ. ಅರ್ಧ ಗಂಟೆ ಕಾದ. ಉರಿ ಹೋಗಲಿಲ್ಲ. ಇನ್ನೆರಡು ನುಂಗಿದ. ಕಚೇರಿಯ ಮೆಟ್ಟಿಲ ಮೇಲೆ ಮತ್ತೆರಡು. ರಿಜಿಸ್ಟರಿಗೆ ಸಹಿ ಹಾಕಿ ಮತ್ತೆರಡು. ಹತ್ತೂ ಮುಕ್ಕಾಲಿಗೆ ಒಟ್ಟು ಎಂಟು.

ಇನ್ನು ಕೂರಲಾಗದು ಎನಿಸಿ ಅರ್ಧ ದಿನದ ರಜೆ ಅರ್ಜಿಗೆ ಕಾಗದ ತೆಗೆದ. ಹಿಂದಾದರೆ ಇಂಗ್ಲಿಷಿನಲ್ಲಿ ಎರಡು ಪದ ಗೀಚಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆ ತಿಂಗಳ ಒಂದರಿಂದ ಅರ್ಜಿಗಳೆಲ್ಲ ಕನ್ನಡದಲ್ಲೇ ಇರಬೇಕೆಂದು ಸಾಹೇಬರ ಆಜ್ಞೆಯಾಗಿತ್ತು. ಮೊದಲು 'ಎದೆ ಉರಿ' ಎಂದು ಬರೆದ. ಎದೆ ಎಂಬ ಪದ ಒಮ್ಮೆ ಕಡತಕ್ಕೆ ಹತ್ತಿದರೆ ಹೃದ್ರೋಗಿಯೆಂದು ಹೆಸರಾಗುತ್ತದೆಂದು ಹೆದರಿ ಹೊಡೆದು ಹಾಕಿದ. 'ಹುಳಿತೇಗು' ಸರ್ಕಾರಿ ಕಾಗದಕ್ಕೆ ಮರ್ಯಾದೆಯಲ್ಲ ಎನಿಸಿತು. ಕೊನೆಗೆ ಸಂಕಟದಲ್ಲಿ ಹೀಗೆ ಬರೆದ:

'ತಮ್ಮ ಬಡ್ತಿಯ ಸಂತೋಷಕೂಟದ ನಂತರ ನನಗೆ ವಿಪರೀತ ಹೊಟ್ಟೆ ಉರಿ ಆರಂಭವಾಗಿದ್ದು, ತಡೆದುಕೊಳ್ಳಲು ಸಾಧ್ಯವಾಗುತ್ತಿಲ್ಲ. ತಮ್ಮ ಮುಂದೆ ಕುಳಿತು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲವಾದ್ದರಿಂದ ಅರ್ಧ ದಿನದ ರಜೆ ದಯಪಾಲಿಸಬೇಕು.'

ಜವಾನ ಮಾರಪ್ಪ ಅದನ್ನು ಒಯ್ಯುವಾಗ ಮುದ್ದಣ್ಣ ಕೈಚಾಚಿ ಇಸಿದುಕೊಂಡ. ಓದಿದ. ಇನ್ನೊಮ್ಮೆ ಓದಿದ. ಮೂರನೆಯ ಸಲ ಎಲ್ಲರಿಗೂ ಕೇಳುವಂತೆ ಓದಿದ. ಕಚೇರಿ ಗೊಳ್ಳೆಂದಿತು.

"ಲೇ ಬೋರಣ್ಣ, ಹೊಟ್ಟೆಕಿಚ್ಚಿಗೆ ರಜೆ ಕೇಳ್ದೋನು ಈ ಸರ್ಕಾರದಾಗೆ ನೀನೇ ಮೊದ್ಲು ಕಣಲೇ! ಇರೋ ವಿಷಯ ಇರೋ ಹಂಗೇ ಬರ್ದೀಯ!"

ಆಗ ಬೋರಣ್ಣನಿಗೆ ತಾನು ಬರೆದದ್ದು ಕೇಳಿಸಿತು. "ಅಯ್ಯೋ, ಆ ಹೊಟ್ಟೆ ಉರಿ ಅಲ್ಲಪ್ಪ! ನಿಜವಾದ್ದು! ಒಳಗೆ ಉರೀತೈತೆ!"

"ನಾವೂ ಅದನ್ನೇ ಅಂತಿರೋದು" ಎಂದ ಮುದ್ದಣ್ಣ.

ಅಷ್ಟರಲ್ಲಿ ಕತ್ತಿನಲ್ಲಿ ಹೂವಿನ ಹಾರದ ಗುರುತು ಇನ್ನೂ ಮಾಸದ ಗೋವಿಂದಯ್ಯನವರು ಪೇಡದ ಡಬ್ಬಿ ಹಿಡಿದು ಬಂದರು. ಅರ್ಜಿ ಅವರ ಕೈಗೆ ಹೋಯಿತು. ಓದಿದರು. ಮುಖ ಊದಿಕೊಂಡಿತು. ಆದರೂ ದೊಡ್ಡತನ ಬಿಡದೆ, "ತಗಳ್ರಿ, ಬಾಯಿ ಸಿಹಿ ಮಾಡ್ಕಳ್ರಿ" ಎಂದು ಡಬ್ಬಿ ಮುಂದೆ ಚಾಚಿದರು. ಬೋರಣ್ಣ ವಿವರಿಸಲು ಬಾಯಿ ತೆರೆದ. ಬಂದದ್ದು ತೇಗು. ಅದೇ ಗಳಿಗೆಗೆ ಎಂಟು ಗುಳಿಗೆಗಳು ಹೊಟ್ಟೆಯ ಕೆಳಭಾಗದಲ್ಲಿ ತಮ್ಮ ಕೆಲಸ ಶುರುಮಾಡಿದವು. ಪೇಡ ಮುಟ್ಟದೆ, ಮಾತಾಡದೆ, ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದ.

ಹನ್ನೆರಡೂವರೆಯೊಳಗೆ ಹೀಗೆ ಐದು ಸಲ ಓಡಿದ. ದುರದೃಷ್ಟವೆಂದರೆ ಐದರಲ್ಲಿ ನಾಲ್ಕು ಸಲ ಗೋವಿಂದಯ್ಯನವರು ಮಾತಾಡಿಸಲು ಹತ್ತಿರ ಬಂದಾಗಲೇ.

"ನೋಡಿದ್ರಾ? ನಿಮ್ಮ ಮುಖ ಕಂಡ್ರೇನೆ ಎದ್ದು ಹೋಗ್ತಾನೆ" ಎಂದು ಮುದ್ದಣ್ಣ ಟೀಕೆ ಬರೆದಂತೆ ಹೇಳಿದ.

ಗೋವಿಂದಯ್ಯನವರು ವರ್ಗಾವಣೆಯ ಕಡತ ತೆಗೆದು ಏನೋ ಬರೆದು ಪೇಪರ್‌ವೆಯಿಟ್ ಇಟ್ಟರು. ಅದನ್ನು ಕಂಡ ಮಾರಪ್ಪ ಹಿತ್ತಲಿಗೆ ಹೋಗಿ ಬಾಗಿಲ ಹೊರಗಿನಿಂದಲೇ ಸುದ್ದಿ ಮುಟ್ಟಿಸಿದ: "ಬೋರಣ್ಣಾರೇ, ಹೆಸ್ರು ಬರ್ದಾತು. ನಾಲ್ಕು ಗಂಟೆಗೆ ಟಪಾಲು. ಏನಾರ ಪುರಾವೆ ಇದ್ರೆ ಬೇಗ ತರ್ರಿ."

ಪುರಾವೆ! ಬೋರಣ್ಣ ಬಸ್ ನಿಲ್ದಾಣದ ಹಿಂದಿನ ಡಾಕ್ಟರ್ ಜುಂಜಯ್ಯನವರ ಶಾಪಿಗೆ ಓಡಿದ. ನಡುವೆ ಎರಡು ಕಡೆ ನಿಂತು ಹೋದ.

"ಎಷ್ಟು ಗುಳಿಗೆ ತಗಂಡೆ?" ಡಾಕ್ಟರು ಹೊಟ್ಟೆ ಒತ್ತುತ್ತಾ ಕೇಳಿದರು.

"ಎಂಟು, ಸಾ."

"ಅಗಿದು ತಿಂದ್ಯಾ?"

"ನುಂಗಿದೆ."

"ಕಲ್ಲು ನುಂಗ್ದಂಗೆ! ಅದು ಬಾಯಾಗೇ ಚೆನ್ನಾಗಿ ಪುಡಿಯಾದ್ರೆ ಹೊಟ್ಟೆಯ ಹುಳಿ ಜೊತೆ ಬೆರೀತದೆ. ಊಟ ಆಗಿ ಒಂದು ಗಂಟೆ ಬಿಟ್ಟು ಒಂದೋ ಎರಡೋ, ಮಲಗೋವಾಗ ಒಂದು. ಕಡ್ಲೆ ತಿಂದಂಗೆ ತಿನ್ನಾದಲ್ಲ. ಅದರಾಗೆ ಮೆಗ್ನೀಷಿಯ ಐತೆ. ಎಂಟು ಹೋದ್ರೆ ಭೇದಿ ಆಗ್ದೆ ಇನ್ನೇನಾಗ್ತದೆ? ಬೇರೆ ಮಾತ್ರೆ ಏನಾರ?"

ಕುರುವಿನ ಕ್ಯಾಪ್ಸೂಲು, ಪಾಲಮ್ಮನ ಸೋಡ, ಎರಡೂ ಹೊರಬಿದ್ದವು. ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಆ ಕ್ಯಾಪ್ಸೂಲಿಗೂ ಈ ಗುಳಿಗೆಗೂ ಎರಡು ಗಂಟೆನಾದ್ರೂ ಅಂತರ ಇರಬೇಕಪ್ಪ. ಒಟ್ಟಿಗೆ ಹೋದ್ರೆ ಒಂದಕ್ಕೊಂದು ಅಂಟ್ಕಂಡು ಕ್ಯಾಪ್ಸೂಲು ಮೈಗೇ ಹತ್ತಲ್ಲ. ಸೋಡನೂ ಹಿಡಿಗಟ್ಲೆ ಕುಡೀಬ್ಯಾಡ, ಅದರಾಗಿರೋದು ಉಪ್ಪಿನ ಅಂಶ, ಬಿಪಿ ಇದ್ದೋರಿಗಂತೂ ಬಲು ಕೆಟ್ಟದ್ದು. ಇನ್ನೊಂದು. ನೋವು ತೋಳಿಗೆ ಇಳಿದ್ರೆ, ಬೆವರಿದ್ರೆ, ಇಲ್ಲಾ ಮಲ ಕಪ್ಪಗಾದ್ರೆ, ಗುಳಿಗೆ ನೆಚ್ಕಂಡು ಕೂರಬ್ಯಾಡ. ಸೀದಾ ಬಾ."

"ಆಗ್ಲಿ ಸಾ. ಈಗೊಂದು ಸರ್ಟಿಫಿಕೇಟ್ ಬೇಕು. ಕನ್ನಡದಾಗೆ. ಇದು ಕಾಯಿಲೆಯ ಉರಿ, ಅಸೂಯೆಯದಲ್ಲ ಅಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಕಾಯಿಲೆ ಐತೆ ಅಂತ ಬರೀತೀನಿ. ಅಸೂಯೆ ಇಲ್ಲ ಅಂತ ಹೆಂಗಪ್ಪ ಬರೀಲಿ? ಅದಕ್ಕೆ ಪರೀಕ್ಷೆ ಇಲ್ಲ ನನ್ನತ್ರ."

"ಹಂಗಾರೆ ಕಾಯಿಲೇನೇ ಸ್ವಲ್ಪ ಜೋರಾಗಿ ಬರೀರಿ ಸಾ!"

ಡಾಕ್ಟರು ಸುಳ್ಳು ಬರೆಯುವವರಲ್ಲ. ಇದ್ದದ್ದನ್ನೇ ದುಂಡಗೆ ಬರೆದರು: 'ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಎದೆ ಉರಿ ಇರುತ್ತದೆ. ಔಷಧಿ ಕೊಡಲಾಗಿದೆ. ಎರಡು ವಾರದಲ್ಲಿ ಗುಣವಾಗದಿದ್ದರೆ ಚಿತ್ರದುರ್ಗದ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸತಕ್ಕದ್ದು.' ಕೆಳಗೆ ಸಹಿ, ಮೊಹರು. ಬೋರಣ್ಣ ಅದನ್ನು ಕಣ್ಣಿಗೊತ್ತಿಕೊಂಡ.

ಮೂರೂ ನಲವತ್ತಕ್ಕೆ ಕಚೇರಿಗೆ ಏದುಸಿರು ಬಿಡುತ್ತಾ ಬಂದು ಚೀಟಿಯನ್ನು ಹೆಡ್ ಗುಮಾಸ್ತರ ಮೇಜಿನ ಮೇಲಿಟ್ಟ. ಗೋವಿಂದಯ್ಯನವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಮುಖದ ಊತ ಇಳಿಯಿತು. ಕಣ್ಣಂಚು ಒದ್ದೆಯಾಯಿತು.

"ಅಲ್ರೀ ಬೋರಣ್ಣ, ಇಷ್ಟು ಕಷ್ಟ ಇಟ್ಕಂಡು ನನಗೋಸ್ಕರ ಏಳು ಮೆಣಸಿನಕಾಯಿ ತಿಂದ್ರಾ?"

ಬೋರಣ್ಣ ವಿನಯದಿಂದ ತಲೆಬಾಗಿಸಿದ. ಗೋವಿಂದಯ್ಯನವರು ಪೇಪರ್‌ವೆಯಿಟ್ ಎತ್ತಿ, ಮಧ್ಯಾಹ್ನ ಬರೆದ ಹಾಳೆಯನ್ನು ತೆಗೆದು ಪರ್ರನೆ ಹರಿದರು. ಹೊಸ ಹಾಳೆಯ ಮೇಲೆ ಬರೆದರು. ಸಾಹೇಬರ ಕೋಣೆಗೆ ಹೋಗಿ ಸಹಿ ಹಾಕಿಸಿ ತಂದು ಲಕೋಟೆಗೆ ಅಂಟು ಹಚ್ಚಿದರು. ಮಾರಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಸೈಕಲ್ ಹತ್ತಿದ. ಗಂಟೆ ಸರಿಯಾಗಿ ನಾಲ್ಕು.

ಬೋರಣ್ಣನಿಗೆ ಮೈ ಹಗುರಾಯಿತು. "ದೊಡ್ಡ ಮನಸ್ಸು ಮಾಡಿದ್ರಿ ಸಾ. ಹರಿದು ಹಾಕಿದ್ರಲ್ಲ, ಅದರಾಗೆ ನನ್ನ ಹೆಸರಿತ್ತು, ಅಲ್ವಾ?"

"ಇಲ್ಲಪ್ಪ. ಮುದ್ದಣ್ಣನದು."

"ಏನು?"

"ನಿಮಗೆ ಹೊಟ್ಟೆಕಿಚ್ಚು ಅಂತ ತಿಳ್ಕಂಡಿದ್ದೆ ನೋಡ್ರಿ, ಬಲು ಸಿಟ್ಟು ಬಂದಿತ್ತು. ಇವನ್ನ ದುರ್ಗಕ್ಕೆ ಕಳಿಸಿದ್ರೆ ಆರಾಮಾಗಿ ಇದ್ಬಿಡ್ತಾನೆ, ಇಲ್ಲೇ ಇಟ್ಕಂಡು ದಿನಾ ನನ್ನ ಕುರ್ಚಿ ಎದುರಿಗೆ ಕೂರಿಸಿ ಉರಿಸ್ಬೇಕು ಅಂತ ಮುದ್ದಣ್ಣನ ಹೆಸರು ಬರ್ದಿದ್ದೆ. ಆಮೇಲೆ ನಿಮ್ಮ ಡಾಕ್ಟ್ರ ಚೀಟಿ ನೋಡಿ ಕರುಳು ಚುರುಕ್ ಅಂತು. ದುರ್ಗದ ದೊಡ್ಡಾಸ್ಪತ್ರೆ ಅಂತ ಅವರೇ ಬರ್ದವ್ರೆ. ವೈದ್ಯಕೀಯ ಕಾರಣ ಅಂತ ಕೆಂಪು ಶಾಯಿಯಾಗೆ ಗೆರೆ ಎಳೆದು ನಿಮ್ಮ ಹೆಸರೇ ಕಳಿಸೀನಿ. ಯಾರೂ ತಪ್ಪಿಸೋ ಹಂಗಿಲ್ಲ, ಧೈರ್ಯವಾಗಿರ್ರಿ!"

ಹೊರಗೆ ಮಾರಪ್ಪನ ಸೈಕಲ್ ತಿರುವು ದಾಟಿ ಕಾಣದಾಯಿತು.

"ನಿಮ್ಮ ಮನೆಯೋರು ಬರಲ್ವಂತೆ, ಗೊತ್ತೈತೆ" ಎಂದು ಗೋವಿಂದಯ್ಯನವರು ಅವನ ಭುಜ ತಟ್ಟಿದರು. "ಊಟದ ಚಿಂತೆ ಬ್ಯಾಡ. ದುರ್ಗದಾಗೆ ನಮ್ಮ ಭಾವನದೇ ಹೋಟ್ಲೈತೆ. ಹೇಳಿರ್ತೀನಿ. ನಿನ್ನೆ ತಿಂದ್ರಲ್ಲ ಮೆಣಸಿನಕಾಯಿ, ಅದರ ಎರಡರಷ್ಟು ಖಾರ ಇರ್ತದೆ ಅವನ ಕೈಯಾಗೆ."

ಬೋರಣ್ಣ ತನ್ನ ಮೇಜಿಗೆ ಬಂದು ಕುಳಿತ. ಮಧ್ಯಾಹ್ನ ಮನೆಗೆ ಹೋಗದ್ದರಿಂದ ಊಟ ಆಗಿರಲಿಲ್ಲ. ಆದ್ದರಿಂದ ಡಾಕ್ಟರು ಹೇಳಿದಂತೆ ಗುಳಿಗೆಯನ್ನೂ ಮುಟ್ಟಲಿಲ್ಲ. ಆಶ್ಚರ್ಯವೆಂದರೆ ಎದೆಯ ಉರಿ ತಾನಾಗಿಯೇ ತಣ್ಣಗಾಗಿತ್ತು. ಎದುರು ಮೇಜಿನಲ್ಲಿ ಇನ್ನು ಖಾಯಮ್ಮಾಗಿ ಹೊಸದುರ್ಗದಲ್ಲೇ ಉಳಿಯಲಿರುವ ಮುದ್ದಣ್ಣ ಕಾಲ ಮೇಲೆ ಕಾಲು ಹಾಕಿಕೊಂಡು, ಡಬ್ಬಿಯಲ್ಲಿ ಉಳಿದಿದ್ದ ಪೇಡ ತಿನ್ನುತ್ತಿದ್ದ.

ಬೋರಣ್ಣ ಸ್ವಲ್ಪ ಹೊತ್ತು ಅವನನ್ನೇ ನೋಡಿದ. ಆಮೇಲೆ ಒಂದು ಬಿಳಿ ಕಾಗದ ಎಳೆದುಕೊಂಡು ಶುಕ್ರವಾರದ ರಜೆಗೆ ಅರ್ಜಿ ಬರೆದ. ಕಾರಣ: ಹೊಟ್ಟೆ ಉರಿ. ಈ ಸಲ ಒಂದಕ್ಷರವನ್ನೂ ಹೊಡೆದು ಹಾಕುವ ಅಗತ್ಯ ಬೀಳಲಿಲ್ಲ.