ನೆಗೆಟಿವ್ ಬಂದ ದಿನ

ಕೋನಪ್ಪನ ಫೋನಿಗೆ ಆಸ್ಪತ್ರೆಯ ರಿಪೋರ್ಟು ಬಂದದ್ದು ಬೆಳಿಗ್ಗೆ ಏಳಕ್ಕೆ. ಏಳೂಕಾಲಿಗೆಲ್ಲ ಮೇಲೂರಿನ ಅರ್ಧ ಬೀದಿಗೆ ಅದು ಗೊತ್ತಾಗಿತ್ತು. ತಪ್ಪು ಅವನದೇ. ಇಂಗ್ಲಿಷ್ ಓದಲು ಬಾರದೆ ಎದುರು ಮನೆಯ ಮುನಿಶಾಮಪ್ಪನ ಕೈಗೆ ಫೋನು ಕೊಟ್ಟಿದ್ದ.

ಹೆಂಡತಿ ಅಶ್ವತ್ಥಮ್ಮನ ಪಿತ್ತಕೋಶದಲ್ಲಿದ್ದ ಕ್ಯಾನ್ಸರ್ ಗೆಡ್ಡೆಯನ್ನು ಎರಡು ತಿಂಗಳ ಹಿಂದೆ ತೆಗೆದಿದ್ದರು. ಆ ಗೆಡ್ಡೆಯ ಚೂರಿನಲ್ಲಿ ಯಾವ ಪ್ರೋಟೀನ್ ಇದೆ, ಯಾವುದಿಲ್ಲ ಎಂದು ನೋಡಿದರೆ ರೋಗದ ಮುಂದಿನ ನಡೆ ಅಂದಾಜಾಗುತ್ತದೆ ಎಂದಿದ್ದರು ಡಾಕ್ಟರು. ಆರೈಕೆಗೆಂದು ಕೆಂಚಾರ್ಲಹಳ್ಳಿಯ ತಮ್ಮನ ಮನೆಗೆ ಹೋದವಳು ಇನ್ನೂ ಅಲ್ಲೇ ಇದ್ದಳು.

ಇತ್ತ ಕೋನಪ್ಪ ತಿರುವಿದ ಮುದ್ದೆ ತಟ್ಟೆಗೆ ಬೀಳುವ ಮೊದಲೇ ಉದುರುತ್ತಿತ್ತು. ಅದಾದರೂ ಹೋಗಲಿ, ರೇಷ್ಮೆಹುಳುವಿಗೆ ಸೊಪ್ಪು ಹಾಕುವಾಗ "ತೆಳ್ಳಗೆ ಹಾಕು, ನಿನ್ ಕೈಯೇನು ಜೇಸೀಬಿನಾ?" ಎಂದು ಬೈಯುವವರಿಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ. ಒಮ್ಮೆ ಅವಳ ದನಿಯಲ್ಲಿ ತನ್ನನ್ನು ತಾನೇ ಬೈದುಕೊಂಡೂ ನೋಡಿದ್ದ. ರುಚಿಸಲಿಲ್ಲ.

"ನೆಗೆಟಿವ್ ಅಂತ ಐತೆ ಕಣಪ್ಪ. ಒಂದ್ಸಲ ಅಲ್ಲ, ಎರಡ್ಸಲ," ಎಂದ ಮುನಿಶಾಮಪ್ಪ.

"ಕೊರೋನಾದಾಗ ನೆಗೆಟಿವ್ ಬಂದ್ರೆ ಪಾಯಸ ಮಾಡಿದ್ರಲ್ಲ?"

"ಅದು ವೈರಸ್ಸು, ಇದು ಪ್ರೋಟೀನು. ಮೈಯಾಗೆ ಪ್ರೋಟೀನೇ ಇಲ್ಲ ಅಂದ್ರೆ ಒಳ್ಳೇದಾ? ಧೈರ್ಯ ತಗೋ."

ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿ, ಹನ್ನೆರಡು ಬೇಯಿಸಿದ ಮೊಟ್ಟೆ ತಂದಳು. "ಇವತ್ತೇ ತಿನ್ಸಪ್ಪಾ, ಪ್ರೋಟೀನು ಏರ್ತದೆ!"

ರಿಪೋರ್ಟನ್ನು ತಿಳಿದವರಿಗೆ ತೋರಿಸಿ, ಹಾಗೇ ಹೆಂಡತಿಯ ಬಳಿಗೆ ಹೋಗೋಣವೆಂದು ಕೋನಪ್ಪ ಮೊಟ್ಟೆಯ ಚೀಲ ಅಪ್ಪಿಕೊಂಡೇ ಶಿಡ್ಲಘಟ್ಟದ ಬಸ್ಸು ಹತ್ತಿದ. ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ಮೊಟ್ಟೆಗಳೆಲ್ಲ ಚಟ್ನಿಯಾದವು. ಅಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಪರಿಚಯದ ಹುಡುಗಿ ರೂಪ ಮೂಗು ಮುಚ್ಚಿಕೊಂಡೇ ರಿಪೋರ್ಟು ಓದಿ, ಡಾಕ್ಟರಿಗೂ ಫೋನು ಮಾಡಿ ಕೇಳಿದಳು.

"ಅಳ್ಬೇಡಿ ಮಾಮ. ಗೆಡ್ಡೆ ಬೇಗ ಹರಡತ್ತೆ ಅಂತ ತೋರ್ಸೋ ಪ್ರೋಟೀನುಗಳು ಇಲ್ಲ, ಅದಕ್ಕೇ ನೆಗೆಟಿವ್. ಗ್ಯಾರಂಟಿ ಅಂತಲ್ಲ, ಚೆಕಪ್ ತಪ್ಪಿಸ್ಬಾರ್ದು. ಆದ್ರೆ ತುಂಬಾ ಒಳ್ಳೇ ಲಕ್ಷಣ ಅಂದ್ರು."

ಕೋನಪ್ಪ ಅಳುತ್ತಲೇ ನಕ್ಕ. ಅಲ್ಲಿಂದ ಚಿಂತಾಮಣಿ, ಅಲ್ಲಿಂದ ಇನ್ನೊಂದು ಬಸ್ಸು. ಇವತ್ತು ಹೆಂಡತಿಯನ್ನು ಕರೆದುಕೊಂಡೇ ಬರಬೇಕು.

ಕೆಂಚಾರ್ಲಹಳ್ಳಿಯಲ್ಲಿ ಅಶ್ವತ್ಥಮ್ಮ ಒಳ್ಳೆಯ ಸೀರೆಯುಟ್ಟು, ಬ್ಯಾಗು ಕಟ್ಟಿಕೊಂಡು ಜಗುಲಿಯ ಮೇಲೆ ಕೂತಿದ್ದಳು. ಕೋನಪ್ಪನ ಎದೆ ಹಿಗ್ಗಿತು.

"ಮುನಿಶಾಮಪ್ಪ ಫೋನ್ ಮಾಡಿದ್ದ," ಎಂದಳು ಮೆಲ್ಲಗೆ. "ಇರೋದೇ ನಾಲ್ಕು ದಿನ ಅಂದ್ಮೇಲೆ ಇಲ್ಯಾಕಿರ್ಲಿ? ನಿನ್ ಜೊತೇಲೇ ಇರಾಣ ಅಂತ. ನಡಿ, ಹೋಗಣ."

ಕೋನಪ್ಪ ಬ್ಯಾಗು ಎತ್ತಿಕೊಂಡ. ಬಾಯಿ ಮುಚ್ಚಿಕೊಂಡು ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಆದರೆ ಅವಳು ಕಣ್ಣೊರೆಸಿಕೊಳ್ಳುವುದು ಕಂಡಿತು.

"ಇಲ್ಲ ಕಣೇ! ನೆಗೆಟಿವ್ ಅಂದ್ರೆ ಒಳ್ಳೇದಂತೆ. ಡಾಕ್ಟ್ರೇ ಹೇಳವ್ರೆ. ನಿಂಗೇನೂ ಆಗಲ್ಲ!"

ಅಶ್ವತ್ಥಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡಳು.

"ಅಂಗಾರೆ ಆತುರ ಏನೈತೆ? ತಮ್ಮನ ಮಗಳು ತನುಜ ಈಗ ಏಳು ತಿಂಗಳ ಬಸ್ರಿ. ತಾಯಿಲ್ಲದ ಕೂಸು. ಬಾಣಂತನ ಮುಗಿಸ್ಕೊಂಡೇ ಬರ್ತೀನಿ. ಏನದು ವಾಸ್ನೆ? ನೀನು ಸ್ನಾನ ಮಾಡಿ ಎಷ್ಟು ದಿನ ಆಯ್ತು?"

ಬೈಗುಳ ಕಿವಿಗೆ ಜೇನಿನಂತೆ ಬಿತ್ತು. ಅಷ್ಟರಲ್ಲಿ ಬ್ಯಾಗು ಒಳಗೆ ಹೋಯಿತು.

ಕೋನಪ್ಪ ಬೆರಳು ಮಡಿಚಿದ. ಹೆರಿಗೆಗೆ ಎರಡು, ಬಾಣಂತನಕ್ಕೆ ಮೂರು. ಐದು ತಿಂಗಳು! "ದೇವರೇ, ಇಷ್ಟು ಒಳ್ಳೇ ರಿಪೋರ್ಟು ಯಾಕಪ್ಪಾ..." ಎಂದು ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿ, ತಪ್ಪಾಯಿತೆಂದು ಎರಡೂ ಕೆನ್ನೆಗೆ ಹೊಡೆದುಕೊಂಡು, ಮೇಲೂರಿನ ಕಡೆಗೆ ಒಬ್ಬನೇ ಹೊರಟ.