ಎಂಟು ಮೀಟರ್ ನೀಲಿ ಹೂವು ಮತ್ತು ನನ್ನ ಆನ್‌ಲೈನ್ ಬುದ್ಧಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪ್ರಕರಣದಲ್ಲಿ ಕೊರಿಯರಿನವರ ತಪ್ಪಿಲ್ಲ, ಅಂಗಡಿಯವರ ತಪ್ಪಿಲ್ಲ, ಸರಕಾರದ ತಪ್ಪಂತೂ ಇಲ್ಲವೇ ಇಲ್ಲ. ತಪ್ಪೆಲ್ಲ ನನ್ನದು. ಇನ್ನೂ ನಿಖರವಾಗಿ ಹೇಳಬೇಕೆಂದರೆ ನನ್ನ ಬಲಗೈ ಹೆಬ್ಬೆರಳಿನದ್ದು.

ನಮ್ಮದು ಕಾಪು. ನಾನು ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟುಗಳಿಗೆ ಬೈಂಡಿಂಗ್ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಊರಿನವರ ಧ್ವನಿ ಅನುಕರಿಸುತ್ತೇನೆ. ಮೊದಲನೆಯದಕ್ಕೆ ಸಂಬಳ ಬರುತ್ತದೆ. ಎರಡನೆಯದಕ್ಕೆ ಬೈಗುಳ.

ನನ್ನ ಅಮ್ಮನಿಗೆ ಇರುವುದು ಒಂದೇ ಹುಚ್ಚು, ಕೌದಿ ಹೊಲಿಯುವುದು. ಹಳೆ ಸೀರೆಗಳನ್ನು ಪದರ ಪದರ ಹಾಸಿ, ಇರುವೆ ಸಾಲಿನಂಥ ಹೊಲಿಗೆ ಹಾಕುತ್ತಾಳೆ. ಕಾಪುವಿನಿಂದ ಕಾರ್ಕಳದವರೆಗಿನ ನಮ್ಮ ನೆಂಟರೆಲ್ಲ ಅಮ್ಮನ ಕೌದಿಯೊಳಗೇ ಗೊರಕೆ ಹೊಡೆಯುವುದು. ಎಲ್ಲ ಬಿಟ್ಟಿ!

ಹೀಗಿರಲು ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಆಸ್ಪತ್ರೆಗೆ ಅಮ್ಮ ಮನೆಯ ಕೌದಿಯನ್ನೇ ಒಯ್ದಿದ್ದಳು. ರೌಂಡ್ಸಿಗೆ ಬಂದ ಡಾಕ್ಟ್ರಮ್ಮ ಅಪ್ಪನ ಹೊಟ್ಟೆಗಿಂತ ಹೆಚ್ಚು ಹೊತ್ತು ಆ ಕೌದಿಯನ್ನು ಪರೀಕ್ಷಿಸಿದರು. ತಿರುಗಿಸಿ ನೋಡಿದರು. ಹೊಲಿಗೆ ಎಣಿಸಿದರು. ಕೊನೆಗೆ ಅಮ್ಮನ ಕಡೆಗೆ ತಿರುಗಿ ಹೇಳಿದರು: "ನನ್ನ ಮಗಳ ಮದುವೆ ಉಂಟು. ಅವಳಿಗೆ ಇಂಥದ್ದೊಂದು ಬೇಕಲ್ಲ. ಹೊಸ ಬಟ್ಟೆಯಲ್ಲಿ. ಒಂದು ತಿಂಗಳಲ್ಲಿ ಆಗ್ತದಾ? ಬಟ್ಟೆಯೆಲ್ಲ ಸೇರಿ ಎರಡೂವರೆ ಸಾವಿರ ಕೊಡ್ತೇನೆ."

ಅಮ್ಮನ ಜೀವನದ ಮೊದಲ ಆರ್ಡರ್! ಆ ದಿವಸ ಸಂಜೆ ಅಮ್ಮ ಚೌಕಾಸಿಯೇ ಮಾಡದೆ ಬಂಗುಡೆ ತೆಗೆದುಕೊಂಡಳು. ಮೀನಿನ ಹೆಂಗಸು ಗಾಬರಿಯಾಗಿ, "ಅಕ್ಕ, ಹುಷಾರುಂಟಲ್ಲ?" ಎಂದು ಕೇಳಿದಳಂತೆ.

ಹೊಲಿಯಲು ಹದಿನೈದು ದಿವಸ ಬೇಕು. ಬಟ್ಟೆ ತರಲು ಮರುದಿನವೇ ಉಡುಪಿಗೆ ಹೊರಟೆವು. ಅಮ್ಮನ ಖಾಯಂ ಅಂಗಡಿ ಕಾಮತ್ ಮಾಮ್‌ನದು. ಅವರು ಬಟ್ಟೆ ಅಳೆಯುವುದನ್ನು ನೋಡುವುದೇ ಒಂದು ಚಂದ. ಕಬ್ಬಿಣದ ಮೀಟರ್ ಕೋಲಿನಲ್ಲಿ ಅಳೆಯುತ್ತಾರೆ. ಅಳತೆ ಮುಗಿದ ಮೇಲೆ ಪ್ರತ್ಯೇಕವಾಗಿ ನಾಲ್ಕು ಬೆರಳು ಇಟ್ಟು ಅಷ್ಟು ಬಟ್ಟೆ ಹೆಚ್ಚಿಗೆ ಬಿಡುತ್ತಾರೆ. ಆಮೇಲೆ ಕತ್ತರಿಯಿಂದ ಒಂದೇ ಒಂದು ಕಚ್ಚು. ಮತ್ತೆ ಎರಡೂ ಕೈಯಲ್ಲಿ ಹಿಡಿದು, ಚರ್ರ್ರ್! ಈ ಪೂರ್ತಿ ಕಾರ್ಯಕ್ರಮವನ್ನು ನಾನು ಬಾಯಲ್ಲೇ ಮಾಡಿ ತೋರಿಸಬಲ್ಲೆ. ಆ ದಿವಸ ಅವರ ಎದುರಿಗೇ ತೋರಿಸಿದೆ. ಅದೇ ಎಡವಟ್ಟಾದದ್ದು.

ಅಮ್ಮನಿಗೆ ಬಿಳಿ ಮೈಯ ಮೇಲೆ ನೀಲಿ ಹೂವಿರುವ ಒಂದು ಬಟ್ಟೆ ಹಿಡಿಸಿತು. ಎಡಗಡೆಯ ಮೂರನೇ ಸಾಲಿನದ್ದು. ಕಾಮತ್ ಮಾಮ್ ಥಾನು ಇಳಿಸಿ ಮೇಜಿನ ಮೇಲೆ ಹರಡಿದರು.

"ಮೀಟರಿಗೆ ನೂರ ಅರವತ್ತು. ಕೌದಿಯ ಮೇಲ್ಪದರ, ಕೆಳಪದರ ಸೇರಿ ಎಂಟು ಮೀಟರ್ ಬೇಕು ನಿಮಗೆ. ಸಾವಿರದ ಇನ್ನೂರ ಎಂಬತ್ತು."

ನನ್ನ ಹೆಬ್ಬೆರಳು ಅಷ್ಟರಲ್ಲಿ ಮೊಬೈಲಿನಲ್ಲಿ ಓಡಾಡುತ್ತಿತ್ತು. "ಮಾಮ್, ಇಲ್ಲಿ ನೋಡಿ! ಕೌದಿಗೆ ಅಂತಲೇ ಬಟ್ಟೆ. ನಲವತ್ತು ಪೀಸು. ಬರೇ ಮುನ್ನೂರ ತೊಂಬತ್ತೊಂಬತ್ತು!"

ಕಾಮತ್ ಮಾಮ್ ಕನ್ನಡಕ ಕೆಳಗಿಳಿಸಿದರು. "ಒಂದು ಪೀಸು ಅಂದ್ರೆ ಎಷ್ಟು?"

"ಪೀಸು ಅಂದ್ರೆ ಪೀಸು ಮಾಮ್!" ಎಂದು ನಕ್ಕು, ಅಂಗಡಿಯಲ್ಲಿದ್ದ ಮೂವರು ಹೆಂಗಸರ ಸಮಕ್ಷಮದಲ್ಲಿ ಅವರದ್ದೇ ಧ್ವನಿಯಲ್ಲಿ, "ನೂರ ಅರವತ್ತು ಅಮ್ಮಾ, ಒಳ್ಳೆ ಮಾಲು, ನಾಲ್ಕು ಬೆರಳು ಫ್ರೀ, ಚರ್ರ್ರ್!" ಎಂದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಮ್ಮ ನನ್ನ ತೋಳು ಚಿವುಟಿದಳು. ಕಾಮತ್ ಮಾಮ್ ಮಾತ್ರ, "ಆಯ್ತು ಮಗಾ, ತರಿಸು," ಎಂದರು. ಅಷ್ಟೇ.

"ಒಂಬೈನೂರು ಉಳೀತದೆ ಅಮ್ಮ!" ಎಂದು ಅವಳನ್ನು ಎಬ್ಬಿಸಿಕೊಂಡು ಹೊರಟೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಚರ್ರ್ರ್ ಎಂದು ಕೇಳಿಸಿತು. ಪಾಪ, ಇನ್ನಾರೋ ನೂರ ಅರವತ್ತು ಕೊಟ್ಟು ಮೋಸ ಹೋದರು ಎಂದುಕೊಂಡೆ.

ನಾಲ್ಕನೇ ದಿವಸ ಕೊರಿಯರಿನವರು ಬಂದರು. ದೊಡ್ಡ ಕಟ್ಟು ಹೊರಲು ನಾನು ಅಂಗಳದಲ್ಲಿ ತೋಳು ಮಡಚಿ ನಿಂತಿದ್ದೆ. ಅವರು ಅಂಗಿಯ ಕಿಸೆಗೆ ಕೈ ಹಾಕಿ ಪ್ಯಾಕೆಟ್ ತೆಗೆದರು!

ಒಳಗೆ ನಲವತ್ತು ಪೀಸು ಸರಿಯಾಗಿಯೇ ಇತ್ತು. ಒಂದೊಂದೂ ನಾಲ್ಕಿಂಚು ಚದರ. ಅಳತೆಯನ್ನು ಚಿತ್ರದ ಕೆಳಗೆ ಬರೆದಿದ್ದರಂತೆ. ನಾನು ಅಷ್ಟು ಕೆಳಗೆ ಹೋಗಿರಲಿಲ್ಲ.

ಅಮ್ಮ ಅವನ್ನೆಲ್ಲ ನೆಲದ ಮೇಲೆ ಜೋಡಿಸಿ ನೋಡಿದಳು. "ಕೌದಿ ಆಗ್ತದೆ ಸಂತು. ಬೆಕ್ಕಿಗೆ."

ಈಸಿ ಚೇರಿನಿಂದ ಅಪ್ಪ ಬಗ್ಗಿ ನೋಡಿದರು. "ಬಾಲ ಹೊರಗೆ ಉಳೀತದೆ."

ಬುದ್ಧಿ ಇದ್ದವನಾದರೆ ಆಗಲೇ ಉಡುಪಿಯ ಬಸ್ಸು ಹತ್ತುತ್ತಿದ್ದ. ಆದರೆ ಕಾಮತ್ ಮಾಮ್‌ಗೆ ಮುಖ ತೋರಿಸುವುದು ಹೇಗೆ? ಮರ್ಯಾದೆಯ ಪ್ರಶ್ನೆ! ನಾನು ಬೇರೊಂದು ಕಡೆ ಹುಡುಕಿ, ಈ ಸಲ ಕೊನೆಯ ಸಾಲಿನವರೆಗೂ ಓದಿ, ಎಂಟು ಮೀಟರ್ 'ಶುದ್ಧ ಹತ್ತಿ' ತರಿಸಿದೆ. ಏಳುನೂರ ಇಪ್ಪತ್ತು. ನೀಲಿ ಇರಲಿಲ್ಲ, ಕೆಂಪು ಹೂವು. ಬರಲು ಆರು ದಿವಸ ಹಿಡಿಯಿತು.

ಅಮ್ಮ ಮುಟ್ಟಿ ನೋಡಿ ಮುಖ ಹುಳ್ಳಗೆ ಮಾಡಿದಳು. "ಇದು ಎಂತ ಜಾರ್ತದೆ?"

"ಹೊಸತಲ್ವಾ ಅಮ್ಮ, ಒಗೆದ್ರೆ ಮೆತ್ತಗಾಗ್ತದೆ. ನಾನೇ ಒಗೆದು ತೋರಿಸ್ತೇನೆ!" ಎಂದು ವಾಷಿಂಗ್ ಮೆಷಿನ್ನಿಗೆ ಹಾಕಿದೆ. ನೀರು ಯಾಕೆ ಹಾಳು ಎಂದು ಅಪ್ಪನಿಗಿದ್ದ ಮೂರೇ ಬಿಳಿ ಪಂಚೆಗಳನ್ನೂ ಜೊತೆಗೆ ಹಾಕಿದೆ. ನೀರಿನ ಉಳಿತಾಯ ನಮ್ಮೆಲ್ಲರ ಕರ್ತವ್ಯ.

ಮೆಷಿನ್ನಿನ ಮುಚ್ಚಳ ತೆಗೆದಾಗ ಹೂವುಗಳು ಬಟ್ಟೆಯಲ್ಲಿ ಇರಲಿಲ್ಲ. ಪಂಚೆಗಳಲ್ಲಿದ್ದವು.

ಅಮ್ಮ ಆ ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆದು, ಒಣಗಿಸಿ, ಗ್ಯಾಸಿನ ಉರಿಗೆ ಹಿಡಿದಳು. ಹತ್ತಿಯಾದರೆ ಉರಿದು ಬೂದಿಯಾಗಬೇಕು. ಇದು ಮುದುಡಿ ಕರಿಮಣಿಯಂತೆ ಗುಂಡಗಾಯಿತು.

"ಗಟ್ಟಿ ಬಟ್ಟೆ ಅಮ್ಮ, ಬೆಂಕಿಗೂ ಜಗ್ಗಲಿಲ್ಲ!" ಎಂದೆ. ಅವಳು ಗ್ಯಾಸ್ ಆರಿಸಿ ಹೊರಗೆ ನಡೆದಳು.

ಮರುದಿನ ಕಾರ್ಕಳದಲ್ಲಿ ಒಂದು ಮದುವೆ. ಅಪ್ಪ ಗುಲಾಬಿ ಪಂಚೆಯಲ್ಲಿಯೇ ಹೋದರು. ಊಟದ ಪಂಕ್ತಿಯಲ್ಲಿ ಯಾರೋ, "ಎಂತ ಮಾರಾಯ್ರೆ, ಮದುಮಗಳ ಸೀರೆಗೆ ಮ್ಯಾಚಿಂಗಾ?" ಎಂದು ಕೇಳಿದ್ದಕ್ಕೆ ಅಪ್ಪ ಪಾಯಸ ಅರ್ಧಕ್ಕೆ ಬಿಟ್ಟು ಎದ್ದರಂತೆ. ಅವರು ಪಾಯಸ ಬಿಟ್ಟದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು.

ಇತ್ತ ನಾನು ಬಟ್ಟೆ ವಾಪಸು ಕೊಡಲು ಹೊರಟೆ. ಒಗೆದ ಬಟ್ಟೆ ವಾಪಸಿಲ್ಲ ಎಂದು ಮೊಬೈಲು ಹೇಳಿತು. ಸರಿ, ಕಸ್ಟಮರ್ ಕೇರಿಗೆ ಫೋನ್ ಮಾಡಿ, ನಿವೃತ್ತ ನ್ಯಾಯಾಧೀಶರ ಗಂಟಲಿನಲ್ಲಿ ಹತ್ತು ನಿಮಿಷ ಕಾನೂನು ಮಾತಾಡಿದೆ. ಆ ಕಡೆಯ ಹೆಣ್ಣು ಧ್ವನಿ ಎಲ್ಲವನ್ನೂ ಶಾಂತವಾಗಿ ಕೇಳಿ, "ಮೊದಲಿನ ಆಯ್ಕೆಗಳಿಗೆ ಮರಳಲು ಸೊನ್ನೆ ಒತ್ತಿರಿ," ಎಂದಿತು. ರೆಕಾರ್ಡಿಂಗ್!

ಹನ್ನೆರಡನೇ ದಿವಸ ಡಾಕ್ಟ್ರಮ್ಮನ ಫೋನ್ ಬಂತು. "ಕೌದಿ ಎಲ್ಲಿಗೆ ಬಂತಮ್ಮ?"

"ಆಗ್ತಾ ಉಂಟು ಡಾಕ್ಟ್ರೇ," ಎಂದಳು ಅಮ್ಮ. ಫೋನಿಟ್ಟು ಜಗಲಿಯಲ್ಲಿ ಕುಳಿತಳು. ಕೈಯಲ್ಲಿ ನೂಲು ಪೋಣಿಸಿದ ಸೂಜಿ ಇತ್ತು. ಮಡಿಲಲ್ಲಿ ಬಟ್ಟೆ ಇರಲಿಲ್ಲ.

"ಸಂತು, ಬಿಟ್ಟಿ ಎಷ್ಟು ಬೇಕಾದ್ರೂ ಹೊಲಿದಿದ್ದೇನೆ. ದುಡ್ಡು ಕೊಟ್ಟು ಕೇಳಿದ್ದು ಇವರೊಬ್ರೇ ಮಾರಾಯ."

ನನಗೆ ಯಾರ ಧ್ವನಿಯೂ ಬರಲಿಲ್ಲ. ಲೆಕ್ಕ ಹಾಕಿದೆ. ಎರಡು ಆನ್‌ಲೈನ್ ಬಟ್ಟೆ, ಇನ್ನು ಕಾಮತ್ ಮಾಮ್‌ನ ಎಂಟು ಮೀಟರ್, ಎಲ್ಲ ಎರಡೂವರೆ ಸಾವಿರದಿಂದ ಕಳೆದರೆ ಅಮ್ಮನಿಗೆ ಉಳಿಯುವುದು ನೂರ ಒಂದು ರೂಪಾಯಿ. ಮದುವೆಮನೆಯ ಲಕೋಟೆಗೆ ಸರಿಯಾದ ಮೊತ್ತ! ದಂಡವೆಲ್ಲ ನನ್ನ ಸಂಬಳದಿಂದ ಎಂದು ತೀರ್ಮಾನಿಸಿದೆ. ಆದರೆ ಅಂಗಡಿಗೆ ಹೋಗಬೇಕಲ್ಲ! ಅದಕ್ಕೂ ಉಪಾಯ ಮಾಡಿದೆ. ಎಪ್ಪತ್ತು ವರ್ಷದ ಒಂದು ಕೆಮ್ಮು ತಯಾರು ಮಾಡಿಕೊಂಡು ಕಾಮತ್ ಮಾಮ್‌ಗೆ ಫೋನ್ ಮಾಡಿದೆ.

"ಹಲೋ, ನಾನು ಅಜೆಕಾರಿನಿಂದ ಶೆಟ್ರು ಮಾತಾಡೋದು. ಎಂಟು ಮೀಟರ್ ಕಟ್ಟಿ ಇಡಿ. ನೀಲಿ ಹೂವಿನದ್ದು. ಆ ಎಡಗಡೆ ಮೂರನೇ ಸಾಲಲ್ಲಿ ಉಂಟಲ್ಲ, ಅದು. ಹುಡುಗನನ್ನು ಕಳಿಸ್ತೇನೆ."

ಆ ಕಡೆ ಕತ್ತರಿ ಮೇಜಿನ ಮೇಲಿಟ್ಟ ಸದ್ದು.

"ಶೆಟ್ರೆ, ಅಜೆಕಾರಿನಿಂದ ನನ್ನ ಮೂರನೇ ಸಾಲು ಕಾಣ್ತದಾ?"

ನಾನು ಕೆಮ್ಮಿದೆ. ಈ ಸಲ ನಿಜವಾಗಿಯೂ.

"ಇರ್ಲಿ. ಹುಡುಗನನ್ನು ಕಳಿಸಿ," ಎಂದು ಫೋನಿಟ್ಟರು.

ಒಂದು ಗಂಟೆಯ ನಂತರ 'ಶೆಟ್ರ ಹುಡುಗ' ಅಂಗಡಿಯ ಮೆಟ್ಟಿಲು ಹತ್ತಿದ. ತಲೆ ತಗ್ಗಿಸಿಕೊಂಡು, ದುಡ್ಡು ಎಣಿಸಿ ಹಿಡಿದುಕೊಂಡು. ಕಾಮತ್ ಮಾಮ್ ಮೇಜಿನ ಕೆಳಗಿನಿಂದ ಒಂದು ಕಟ್ಟು ತೆಗೆದರು. ಬಿಚ್ಚಿದೆ. ನೀಲಿ ಹೂವು, ಎಂಟು ಮೀಟರ್, ಮೇಲೆ ನಾಲ್ಕು ಬೆರಳು. ಕಟ್ಟಿದ ಕಾಗದದ ಮೇಲೆ ಅಮ್ಮನ ಹೆಸರು. ಅದರ ಕೆಳಗೆ ನಾವು ಮೊದಲ ಸಲ ಬಂದ ದಿವಸದ ತಾರೀಕು!

ಮೆಟ್ಟಿಲಿಳಿಯುವಾಗ ಕೇಳಿಸಿದ ಆ ಚರ್ರ್ರ್ ಯಾರದ್ದೆಂದು ಆಗ ತಿಳಿಯಿತು.

"ಮಾಮ್," ಎಂದೆ, ನನ್ನ ಸ್ವಂತ ಧ್ವನಿಯಲ್ಲಿ. "ನಾನು ತಿರುಗಿ ಬರ್ತೇನೆ ಅಂತ ಆವತ್ತೇ ಹೇಗೆ ಗೊತ್ತಾಯ್ತು?"

ಅವರು ದುಡ್ಡು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಆನ್‌ಲೈನಿಗೆ ಹೋದವರು ತಿರುಗಿ ಇಲ್ಲಿಗೆ ಬರ್ಲಿಕ್ಕೆ ಸಾಧಾರಣ ಹತ್ತು ದಿವಸ ಮಗಾ. ನೀನು ಹನ್ನೆರಡು ತೆಗೊಂಡೆ. ಡೆಲಿವರಿ ಎರಡು ದಿವಸ ಲೇಟು."